ಪುಣೆಯ ಕೋಥರೂಡ್‌ನ ಬೇಸಿಗೆ ಈಜು ಶಿಬಿರ: ನೀರಿಗೆ ಪೂರ್ಣ ಅಂಕ, ಹೊಸ ನಿಯಮಕ್ಕೆ ಇಲ್ಲ

ಮಕ್ಕಳನ್ನು ಇಲ್ಲಿಗೆ ಧೈರ್ಯವಾಗಿ ಸೇರಿಸಿ. ಆದರೆ ಹಣ ಕಟ್ಟುವ ಮೊದಲು ಕಚೇರಿಯ ಕಿಟಕಿಯಲ್ಲಿ ಒಂದು ಮಾತು ಕೇಳಿ: ಸ್ಪರ್ಧೆಯ ದಿನ ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀರಿ? ಈ ಪ್ರಶ್ನೆಗೆ 2022ರಲ್ಲಿ ಸಿಕ್ಕ ಉತ್ತರದಿಂದಲೇ ನಾನು ಈ ಕೊಳವನ್ನು ನಂಬಿದ್ದು. ಈ ಬೇಸಿಗೆಯಲ್ಲಿ ಸಿಕ್ಕ ಉತ್ತರ ಬೇರೆ. ಅದಕ್ಕಾಗಿಯೇ ಬರೆಯಲು ಕುಳಿತಿದ್ದೇನೆ.

ಕೊಳದ ಹೆಸರು ಹಾಕುತ್ತಿಲ್ಲ. ಸುತ್ತಲಿನ ವಸತಿ ಸಂಘಗಳು ಸೇರಿ ನಡೆಸುವ ಜಾಗ, ನಮ್ಮ ಕಡೆಯ ಕನ್ನಡ ಮನೆಗಳಿಗೆ ಯಾವುದೆಂದು ಗೊತ್ತೇ ಇದೆ. 25 ಮೀಟರ್ ಉದ್ದ, ಆರು ಲೇನ್, ಮೇಲೆ ಸೂರಿಲ್ಲ. ಶಾಲೆಗಳಿಗೆ ರಜೆ ಬೀಳುವ ಏಪ್ರಿಲ್ ಮಧ್ಯದಿಂದ ಶಿಬಿರ ಶುರು, ಮೇ ಕೊನೆಯ ಭಾನುವಾರ ಸ್ಪರ್ಧೆ. ನಾಲ್ಕು ವಾರದ ಶುಲ್ಕ 3,500 ರೂಪಾಯಿ. ಸ್ಪರ್ಧೆಗೆ ಪ್ರತಿ ವಿಭಾಗಕ್ಕೆ 150 ರೂಪಾಯಿ ಬೇರೆ. ಹದಿನಾಲ್ಕು ದಾಟಿದ, ಗಂಭೀರವಾಗಿ ಈಜುವ ಮಕ್ಕಳಿದ್ದರೆ ಬಾಲೇವಾಡಿಗೆ ಹೋಗುವುದು ಒಳ್ಳೆಯದು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ, 2008ರಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆದ ಶ್ರೀ ಶಿವಛತ್ರಪತಿ ಕ್ರೀಡಾ ಸಂಕುಲದಲ್ಲಿ 50 ಮೀಟರಿನ ಕೊಳವಿದೆ. ಆರೇಳು ವರ್ಷದ ಮಗುವನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಮೇ ತಿಂಗಳ ಬಿಸಿಲಿನಲ್ಲಿ ಅಷ್ಟು ದೂರ ಹೋಗಿ ಬರುವುದು ನನ್ನಿಂದ ಆಗದ ಮಾತು. ಅಷ್ಟು ಚಿಕ್ಕವರಿಗೆ ಮನೆಯ ಹತ್ತಿರದ ಕೊಳವೇ ಸರಿ.

ಮೊದಲು ನೀರಿನ ವಿಷಯ, ಏಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಭೋಸರಿಯ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವುದು ನನ್ನ ಕೆಲಸ. ಇಲ್ಲಿ ಕಚೇರಿಯ ಪಕ್ಕದ ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರಿನಲ್ಲಿರುವ ಮುಕ್ತ ಕ್ಲೋರಿನ್ (ಕ್ರಿಮಿ ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್) ಎಷ್ಟು, ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಎಷ್ಟು ಎಂದು ಅದರ ಮೇಲೆ ಬರೆಯುತ್ತಾರೆ, ಅಳೆದವರ ಸಹಿಯೂ ಇರುತ್ತದೆ. ಮಧ್ಯಾಹ್ನದ ಅಳತೆ ಬಹಳ ಮುಖ್ಯ. ತೆರೆದ ಕೊಳದಲ್ಲಿ ಬಿಸಿಲಿನ ಅತಿನೇರಳೆ ಕಿರಣ ಕ್ಲೋರಿನ್ನನ್ನು ತಿನ್ನುತ್ತಾ ಹೋಗುತ್ತದೆ. ಬೆಳಗಿನ ಜಾವ ಹಾಕಿದ ಔಷಧವನ್ನು ನೆಚ್ಚಿಕೊಂಡು ಸಂಜೆಯ ಬ್ಯಾಚನ್ನು ನೀರಿಗೆ ಇಳಿಸುವ ಹಾಗಿಲ್ಲ. ಕ್ಲೋರಿನ್ 1ರಿಂದ 3 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ) ನಡುವೆ, ಪಿಎಚ್ 7.2ರಿಂದ 7.8ರ ನಡುವೆ ಇದ್ದರೆ ನಿಶ್ಚಿಂತೆ. ಪಿಎಚ್ 8ಕ್ಕೆ ಏರಿತೆಂದರೆ, ನೀರಿನಲ್ಲಿ ಕ್ಲೋರಿನ್ ಅಷ್ಟೇ ಇದ್ದರೂ ಅದರಲ್ಲಿ ಕ್ರಿಮಿ ಕೊಲ್ಲುವ ಪಾಲು ನಾಲ್ಕರಲ್ಲೊಂದಕ್ಕೆ ಇಳಿದಿರುತ್ತದೆ. ಈ ಕಾರಣಕ್ಕೆ ಹಲಗೆಯ ಮೇಲೆ ಎರಡು ಸಂಖ್ಯೆಗಳೂ ಇರಬೇಕು. ಒಂದನ್ನು ಮಾತ್ರ ಬರೆಯುವ ಕೊಳಗಳನ್ನು ನಾನು ನೋಡಿದ್ದೇನೆ.

ಕ್ಲೋರಿನ್ ವಾಸನೆ ಮೂಗಿಗೆ ಹೊಡೆದರೆ ನೀರು ಶುದ್ಧವಿದೆ ಎಂದು ಅನೇಕ ತಾಯಂದಿರು ನನಗೆ ಹೇಳಿದ್ದಾರೆ. ಅದು ತಪ್ಪು ತಿಳಿವಳಿಕೆ. ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ಗಳ ವಾಸನೆ ಅದು, ಕಣ್ಣು ಉರಿಸುವುದೂ ಅವೇ. ಈ ಕೊಳದಲ್ಲಿ ಆ ವಾಸನೆ ಕಡಿಮೆ. ನೀರಿಗೆ ಇಳಿಯುವ ಮೊದಲು ಪ್ರತಿ ಮಗುವೂ ಶವರಿನ ಕೆಳಗೆ ನಿಲ್ಲಲೇಬೇಕು, ನಿಲ್ಲದವರನ್ನು ಜೀವರಕ್ಷಕರು ವಾಪಸು ಕಳುಹಿಸುತ್ತಾರೆ. ಒಂದು ಸಂಜೆ ಹಲಗೆಯ ಮೇಲೆ ಕ್ಲೋರಿನ್ 0.6 ಎಂದಿತ್ತು. ಬ್ಯಾಚನ್ನು ಮುಕ್ಕಾಲು ಗಂಟೆ ತಡೆದು, ಮತ್ತೆ ಅಳೆದು, ಆಮೇಲೆ ಬಿಟ್ಟರು. ಕೆಲವು ಪೋಷಕರು ಗೊಣಗಿದರು. ಕಡಿಮೆ ಬಂದ ಸಂಖ್ಯೆಯನ್ನು ಮುಚ್ಚಿಡದೆ ಹಲಗೆಯ ಮೇಲೆ ಬರೆದರಲ್ಲ, ನನಗೆ ಅಷ್ಟು ಸಾಕಾಯಿತು.

ಕಲಿಸುವ ರೀತಿಯೂ ಚೆನ್ನಾಗಿದೆ. ಮೊದಲ ವಾರವೆಲ್ಲ ಮುಖ ಮುಳುಗಿಸಿ ಉಸಿರು ಬಿಡುವುದು, ಅಂಗಾತ ತೇಲುವುದು, ಅಂಚು ಹಿಡಿದು ಕಾಲು ಬಡಿಯುವುದು ಇಷ್ಟೇ. ಎರಡನೇ ವಾರ ಕಿಕ್‌ಬೋರ್ಡ್ ಕೈಗೆ ಬರುತ್ತದೆ. ಆಸರೆಯಿಲ್ಲದೆ ತೇಲಲು ಬಾರದ ಮಗುವನ್ನು ಆಳದ ಕಡೆಗೆ ಬಿಡುವುದೇ ಇಲ್ಲ, ಪೋಷಕರು ಎಷ್ಟು ಒತ್ತಾಯಿಸಿದರೂ. ಎಂಟು ಮಕ್ಕಳಿಗೆ ಒಬ್ಬ ಶಿಕ್ಷಕರು. ಜೀವರಕ್ಷಕರು ಬೇರೆ, ಅವರು ಕಲಿಸುವುದಿಲ್ಲ, ನೀರಿನ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಮುಖ್ಯ ತರಬೇತುದಾರರು ಮರಾಠಿಯವರು, ಮಿತಭಾಷಿ, ಎತ್ತರದ ದನಿಯಲ್ಲಿ ಗದರಿದ್ದನ್ನು ನಾನು ಕೇಳಿಲ್ಲ. ಸಹಾಯಕಿ ಬೆಳಗಾವಿಯ ಹುಡುಗಿ. ನನ್ನ ಮಗ ಮೊದಲ ದಿನ ಮೆಟ್ಟಿಲು ಬಿಟ್ಟು ಅಲುಗದಿದ್ದಾಗ ಅವಳೇ ಬಂದು, “ಅಕ್ಕಾ, ನೀವು ಸ್ವಲ್ಪ ಆ ಕಡೆ ಹೋಗಿರಿ, ನಿಮ್ಮನ್ನು ನೋಡಿದರೆ ಅವನು ಇಳಿಯುವುದಿಲ್ಲ” ಎಂದಳು. ನಾನು ಹೋದೆ. ಅವನೊಂದಿಗೆ ಕನ್ನಡದಲ್ಲಿ ಏನು ಮಾತಾಡಿದಳೋ, ಹತ್ತು ನಿಮಿಷದಲ್ಲಿ ಅವನ ಕೂದಲು ಒದ್ದೆಯಾಗಿತ್ತು.

ಈಗ ಸ್ಪರ್ಧೆಗೆ ಬರುತ್ತೇನೆ. ಇದನ್ನು ಹೇಳಲು ಕೊರೊನಾ ಕಾಲಕ್ಕೆ ಹೋಗದೆ ವಿಧಿಯಿಲ್ಲ.

ಮಹಾರಾಷ್ಟ್ರದ ಮೊದಲ ಪ್ರಕರಣ ಪತ್ತೆಯಾದದ್ದು ಪುಣೆಯಲ್ಲೇ, 2020ರ ಮಾರ್ಚ್ 9ರಂದು. ಮಾರ್ಚ್ 13ರಂದು ಸರ್ಕಾರ ಹೊರಡಿಸಿದ ಆದೇಶದೊಂದಿಗೆ ಪುಣೆ, ಪಿಂಪ್ರಿ-ಚಿಂಚ್ವಡ್, ಮುಂಬಯಿ, ನಾಗಪುರಗಳ ಈಜುಕೊಳಗಳಿಗೆ ಬೀಗ ಬಿತ್ತು. ಅದೇ ಅಕ್ಟೋಬರ್ 15ರಿಂದ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಕೊಳ ತೆರೆಯಬಹುದೆಂದು ಕೇಂದ್ರ ಹೇಳಿತು. ಎಲ್ಲರಿಗೂ ಅನುಮತಿ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ಎರಡನೇ ಅಲೆ ಎದ್ದು ಮತ್ತೆ ಮುಚ್ಚಿದವು. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಇನ್ನೊಮ್ಮೆ. ಕೊನೆಗೆ ಆ ಏಪ್ರಿಲ್ 2ರಂದು, ನಮಗೆ ಯುಗಾದಿ, ಇಲ್ಲಿನವರಿಗೆ ಗುಡಿ ಪಾಡ್ವಾ, ರಾಜ್ಯ ಸರ್ಕಾರ ಎಲ್ಲ ನಿರ್ಬಂಧಗಳನ್ನೂ ತೆಗೆಯಿತು. ಮಾಸ್ಕ್ ಕೂಡ ಅವರವರ ಇಷ್ಟಕ್ಕೆ ಬಿಟ್ಟದ್ದು ಎಂದಾಯಿತು.

ಎರಡು ಬೇಸಿಗೆ ನೀರು ಕಾಣದ ಮಕ್ಕಳು, ಶುಲ್ಕವಿಲ್ಲದೆ ಸೊರಗಿದ ಕೊಳ, ಸರ್ಕಾರದ ಅಡ್ಡಿಯೂ ಇಲ್ಲ. ಹಳೆಯ ಪದ್ಧತಿಯಲ್ಲೇ ಸ್ಪರ್ಧೆ ಇಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಈ ಕೊಳದವರು ತಾವಾಗಿಯೇ ನಿಯಮ ಬಿಗಿ ಮಾಡಿದರು. ಸ್ಪರ್ಧೆಗೆ ಒಂದು ತಿಂಗಳು ಮೊದಲೇ ಒಂದು ಪುಟದ ಪತ್ರ ಪ್ರತಿ ಮನೆಗೂ ಬಂತು. ಒಂದು ಮುಂಜಾನೆ ಮುಗಿಸುತ್ತಿದ್ದ ಸ್ಪರ್ಧೆಯನ್ನು ಎರಡು ದಿನಕ್ಕೆ ಹರಡಿ, ವಯೋಗುಂಪಿಗೊಂದು ವೇಳೆ ಕೊಟ್ಟಿದ್ದರು. ಬಟ್ಟೆ ಬದಲಿಸುವ ಕೋಣೆ ಬಂದ್, ಮಕ್ಕಳು ಮನೆಯಿಂದಲೇ ಈಜುಡುಗೆ ತೊಟ್ಟು ಬರಬೇಕು. ಸರದಿಗೆ ಕಾಯುವುದು ಹೊರಗಿನ ಬೇವಿನ ಮರದ ಕೆಳಗೆ. ಪೋಷಕರು ಬೇಲಿಯಾಚೆ. ಸ್ಟಾಪ್‌ವಾಚ್ ಹಿಡಿದವರಿಗೆ ಮಾಸ್ಕ್. ರಿಲೇ ಇಲ್ಲ, ಪದಕ ಕೊಡುವ ಸಭೆಯೂ ಇಲ್ಲ.

ಪತ್ರದಲ್ಲಿ ನಿಯಮದ ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದರು. ಹನ್ನೆರಡರಿಂದ ಹದಿನಾಲ್ಕರ ಮಕ್ಕಳಿಗೆ ಲಸಿಕೆ ಶುರುವಾದದ್ದು ಆ ಮಾರ್ಚ್ 16ರಂದು. ಅದಕ್ಕಿಂತ ಚಿಕ್ಕವರಿಗೆ ಇರಲೇ ಇಲ್ಲ, ನಮ್ಮ ಸ್ಪರ್ಧೆಯಲ್ಲಿ ಹೆಚ್ಚಿನವರು ಆ ಚಿಕ್ಕವರೇ. ಕ್ಲೋರಿನ್ ಸರಿಯಿರುವ ನೀರಿನಿಂದ ಭಯವಿಲ್ಲ, ಭಯವಿರುವುದು ನೀರಿನ ಹೊರಗೆ ಒತ್ತಾಗಿ ನಿಲ್ಲುವುದರಿಂದ ಎಂಬುದನ್ನೂ ಸ್ಪಷ್ಟವಾಗಿ ಹೇಳಿದ್ದರು. ವಿಜ್ಞಾನವೂ ಹೇಳುವುದು ಇದನ್ನೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2021ರಲ್ಲಿ ಪರೀಕ್ಷಿಸಿ ನೋಡಿದಾಗ, ಲೀಟರಿಗೆ 1.5 ಮಿಲಿಗ್ರಾಂ ಮುಕ್ತ ಕ್ಲೋರಿನ್ ಮತ್ತು 7ರಿಂದ 7.2ರ ಪಿಎಚ್ ಇರುವ ಕೊಳದ ನೀರಿನಲ್ಲಿ ಕೊರೊನಾ ವೈರಾಣುವಿನ ಸೋಂಕುಶಕ್ತಿ 30 ಸೆಕೆಂಡಿನಲ್ಲಿ ಸಾವಿರ ಪಟ್ಟು ಕುಗ್ಗಿತ್ತು. ಕೊಳವನ್ನು ತೆರೆದಿಟ್ಟು ಕೋಣೆಯನ್ನು ಮುಚ್ಚಿದ ನಿರ್ಧಾರ ಹಾಗಾಗಿ ನನಗೆ ಸರಿಯೆನಿಸಿತು. ಕಾರಣ ಹೇಳದೆ ನಿಯಮ ಹೇರುವ ಎಷ್ಟೋ ಸುತ್ತೋಲೆಗಳನ್ನು ಆ ಎರಡು ವರ್ಷ ಓದಿ ದಣಿದಿದ್ದೆವು. ಈ ಪತ್ರವನ್ನು ಮಾತ್ರ ಓದಿ ಮಡಚಿಟ್ಟುಕೊಂಡೆ.

ಪತ್ರದ ಕೊನೆಯಲ್ಲಿತ್ತು ಜ್ವರದ ನಿಯಮ. ಸ್ಪರ್ಧೆಯ ದಿನ ಅಥವಾ ಅದರ ಹಿಂದಿನ ಮೂರು ದಿನ ಮಗುವಿಗೆ ಜ್ವರ, ಕೆಮ್ಮು ಬಂದರೆ ಕರೆತರಬೇಡಿ, ಒಂದು ಫೋನ್ ಮಾಡಿ ಸಾಕು. ವೈದ್ಯರ ಚೀಟಿ ಬೇಡ. ಕಟ್ಟಿದ ಹಣ ಹಾಗೇ ಇರುತ್ತದೆ. ಹತ್ತು ದಿನ ಬಿಟ್ಟು ಒಂದು ಸಂಜೆ ಅಂಥ ಮಕ್ಕಳಿಗಾಗಿಯೇ ಸಮಯ ಪರೀಕ್ಷೆ ನಡೆಸುತ್ತೇವೆ, ಅಲ್ಲಿ ಈಜಿದ ಸಮಯವನ್ನು ಅದೇ ಪಟ್ಟಿಯಲ್ಲಿ ಸೇರಿಸುತ್ತೇವೆ.

ಆ ವರ್ಷ ಈ ನಿಯಮ ಬೇಕಾದದ್ದು ನಮ್ಮ ಮನೆಗೇ. ಸ್ಪರ್ಧೆಯ ಹಿಂದಿನ ರಾತ್ರಿ ಮಗಳ ಮೈ ಬಿಸಿಯಾಯಿತು. ಆಗ ಅವಳು ಮೂರನೇ ತರಗತಿ. ಹೊಸ ಕ್ಯಾಪ್ ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳು. ಹುಬ್ಬಳ್ಳಿಯಿಂದ ಅಜ್ಜಿ ಬಂದಿದ್ದರು. ಇನ್ನೊಂದು ಕೋಣೆಯಲ್ಲಿ ಮಾವನವರಿದ್ದರು, 2021ರ ಸೋಂಕಿನಿಂದ ಉಳಿದು ಬಂದರೂ ಶ್ವಾಸಕೋಶ ಹಿಂದಿನಂತಾಗಿರಲಿಲ್ಲ. ಆ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಆಮ್ಲಜನಕದ ಸಿಲಿಂಡರಿಗಾಗಿ ಫೋನ್ ಹಚ್ಚಿ ಕುಳಿತವರಿಗೆ ಬೇರೆ ಮನೆಯ ಹಿರಿಯರ ನೆನಪೂ ಬರುತ್ತದೆ. ಬೆಳಿಗ್ಗೆ ಆರಕ್ಕೆ ಕೊಳಕ್ಕೆ ಫೋನ್ ಮಾಡಿದೆ. “ಸರಿ ತಾಈ, ಹೆಸರು ಸಂಜೆಯ ಪಟ್ಟಿಗೆ ಹಾಕುತ್ತೇನೆ, ಅವಳಿಗೆ ನೀರು ಚೆನ್ನಾಗಿ ಕುಡಿಸಿ” ಎಂದರು ಮುಖ್ಯ ತರಬೇತುದಾರರು. ಇನ್ನೊಂದು ಪ್ರಶ್ನೆಯಿಲ್ಲ.

ಮಗಳು ಅತ್ತಳು. “ಅದು ನಿಜವಾದ ಸ್ಪರ್ಧೆಯಲ್ಲ” ಎಂದಳು. ಅವಳಿಗೆ ನಾನು ಬೆಂಗಳೂರಿನ ಶ್ರೀಹರಿ ನಟರಾಜ್ ಅವರ ಕಥೆ ಹೇಳಿದೆ. ಕೊಳಗಳೆಲ್ಲ ಮುಚ್ಚಿದ ಕಾಲದಲ್ಲಿ ಅಭ್ಯಾಸಕ್ಕೇ ಪರದಾಡಿದ ತಲೆಮಾರಿನ ಈಜುಗಾರ. 2021ರ ಜೂನ್‌ನಲ್ಲಿ ರೋಮ್‌ನ ಸೆಟ್ಟೆ ಕೊಲ್ಲಿ ಕೂಟದಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿದರು. ಒಲಿಂಪಿಕ್ಸ್‌ನ ನೇರ ಅರ್ಹತೆಗೆ ಬೇಕಿದ್ದುದು 53.85. ಅವರು ಅದನ್ನು ಈಜಿದ್ದು ಪದಕದ ಸ್ಪರ್ಧೆಯಲ್ಲಲ್ಲ, ಸಮಯ ಪರೀಕ್ಷೆಯಲ್ಲಿ. ಆ ಸಮಯವೇ ಅವರನ್ನು ಟೋಕಿಯೋಗೆ ಕರೆದೊಯ್ದಿತು. ಮಗಳು ಕಣ್ಣು ಒರೆಸಿಕೊಂಡು 53.77ನ್ನು ಕ್ಯಾಲೆಂಡರಿನ ಮೇಲೆ ಬರೆದಳು. ಹತ್ತು ದಿನದ ಮೇಲೆ ಗುರುವಾರ ಸಂಜೆ, ಇನ್ನೂ ಕೆಲವು ಮಕ್ಕಳೊಂದಿಗೆ, 50 ಮೀಟರ್ ಫ್ರೀಸ್ಟೈಲ್ ಈಜಿದಳು. ಸೀಟಿ, ಲೇನ್, ಮೂವರು ಸಮಯಪಾಲಕರು, ಎಲ್ಲವೂ ಸ್ಪರ್ಧೆಯ ದಿನದಂತೆಯೇ. ಪಟ್ಟಿಯಲ್ಲಿ ಅವಳ ಹೆಸರು ಎಲ್ಲರ ನಡುವೆ ತನ್ನ ಜಾಗದಲ್ಲಿತ್ತು, ಬೇರೆ ಗುರುತು ಹಾಕಿರಲಿಲ್ಲ.

ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಮಕ್ಕಳೂ ಬೇಸಿಗೆ ಲೀಗಿನಲ್ಲಿ ಈಜುತ್ತಾರೆ. ಅಲ್ಲಿ ಬಡಾವಣೆಗೊಂದು ತಂಡ, ಬೇಸಿಗೆಯಲ್ಲಿ ಒಂದು ಕೊಳದವರು ಇನ್ನೊಂದು ಕೊಳಕ್ಕೆ ಹೋಗಿ ಪೈಪೋಟಿ. 2020ರಲ್ಲಿ ಅಲ್ಲಿನ ಹಲವು ಲೀಗುಗಳು ಇಡೀ ಋತುವನ್ನೇ ರದ್ದು ಮಾಡಿದವು. ಕೆಲವು ಕಡೆ ಎರಡೂ ತಂಡದವರು ತಂತಮ್ಮ ಕೊಳದಲ್ಲೇ ಈಜಿ, ಸಮಯಗಳನ್ನು ಮಾತ್ರ ಹೋಲಿಸಿ ಫಲಿತಾಂಶ ಹೇಳಿದರು. ಈಜು ಇದಕ್ಕೆ ಒಗ್ಗುವ ಆಟ. ಎದುರಾಳಿ ಪಕ್ಕದ ಲೇನಿನಲ್ಲೇ ಇರಬೇಕೆಂದಿಲ್ಲ, ಕೊಳದ ಉದ್ದ ಒಂದೇ ಇದ್ದು ಗಡಿಯಾರ ಸರಿಯಿದ್ದರೆ ಸಾಕು. ಕಬಡ್ಡಿಗೆ, ಖೋಖೋಗೆ ಈ ಅನುಕೂಲವಿಲ್ಲ. ಹೀಗಿರುವಾಗ ಜ್ವರದ ಮಗುವನ್ನು ಅದೇ ಭಾನುವಾರ ನೀರಿಗಿಳಿಸುವ ಒತ್ತಡವನ್ನು ಯಾವ ಈಜು ಸಂಘಟಕರೂ ಹುಟ್ಟಿಸಬೇಕಾಗಿಲ್ಲ.

2023ರ ಜುಲೈನಲ್ಲಿ ಪುಣೆಯ ಹತ್ತಿರದ ಆಳಂದಿಯಲ್ಲಿ ಸಾವಿರಾರು ಜನರಿಗೆ, ಅದರಲ್ಲೂ ಮಕ್ಕಳಿಗೆ, ಕಣ್ಣು ಬೇನೆ ಹಬ್ಬಿತ್ತು. ಮಳೆಗಾಲದ ಬ್ಯಾಚಿಗೆ ಕೊಳದವರು ಅದೇ ನಿಯಮವನ್ನು ಕೆಂಪು ಕಣ್ಣಿಗೂ ವಿಸ್ತರಿಸಿದರು, ಟವೆಲು ಮತ್ತು ಈಜು ಕನ್ನಡಕ ಹಂಚಿಕೊಳ್ಳುವುದನ್ನು ನಿಲ್ಲಿಸಿದರು. ಫೋನ್ ಮಾಡಿ ರಜೆ ಹೇಳಲು ಯಾರೂ ಹಿಂಜರಿಯಲಿಲ್ಲ.

ಈ ವರ್ಷದ ಸ್ಪರ್ಧೆಯ ಅರ್ಜಿ ನಮೂನೆಯಲ್ಲಿ ಜ್ವರದ ನಿಯಮದ ಆ ಸಾಲುಗಳಿಲ್ಲ. ಬದಲಿಗೆ, ಗೈರುಹಾಜರಾದವರ ಪ್ರವೇಶ ಶುಲ್ಕ ಹಿಂದಿರುಗಿಸುವುದಿಲ್ಲ, ಬೇರೆ ದಿನ ಅವಕಾಶವಿಲ್ಲ ಎಂದು ಅಚ್ಚಾಗಿದೆ. ಸ್ಪರ್ಧೆಯೂ ಮತ್ತೆ ಒಂದೇ ಮುಂಜಾನೆಗೆ ಬಂದಿದೆ. ಅದಕ್ಕೆ ನನ್ನ ತಕರಾರಿಲ್ಲ, ಕಾಲ ಬದಲಾಗಿದೆ. ಬೇಲಿ ತೆಗೆದದ್ದು, ರಿಲೇ ಮರಳಿ ಇಟ್ಟದ್ದು ನನಗೂ ಸಂತೋಷ. ಕಿರಿಯರ ರಿಲೇಯಲ್ಲಿ ನನ್ನ ಮಗನ ತಂಡ ಕೊನೆಗೆ ಬಂದರೂ ನಾಲ್ವರೂ ಕುಣಿದಾಡಿದರು. ಜ್ವರದ ನಿಯಮ ತೆಗೆದದ್ದು ಮಾತ್ರ ತಪ್ಪು.

ಅದರ ಪರಿಣಾಮವನ್ನು ಸ್ಪರ್ಧೆಯ ದಿನವೇ ನೋಡಿದೆ. ಸರದಿಯ ಬೆಂಚಿನಲ್ಲಿ ಮಗನ ಪಕ್ಕ ಕುಳಿತಿದ್ದ ಹುಡುಗ ಬಿಸಿಲಿನಲ್ಲೂ ಟವೆಲು ಹೊದ್ದು ನಡುಗುತ್ತಿದ್ದ. ಅವನ ತಾಯಿ ನನ್ನೊಂದಿಗೆ ತಗ್ಗಿದ ದನಿಯಲ್ಲಿ ಹೇಳಿದರು: “ಬೆಳಿಗ್ಗೆ ನೂರೊಂದು ಇತ್ತು ತಾಈ. ಪ್ಯಾರಸಿಟಮಾಲ್ ಕೊಟ್ಟಿದ್ದೇನೆ. ಮೂರು ವಿಭಾಗಕ್ಕೆ ಹೆಸರು ಕೊಟ್ಟಿದ್ದೇವೆ, ಸೊಲ್ಲಾಪುರದಿಂದ ಅಜ್ಜ ಬಂದಿದ್ದಾರೆ, ಇವತ್ತು ಬಿಟ್ಟರೆ ಇಲ್ಲವಲ್ಲ.” ಆ ತಾಯಿಯನ್ನು ನಾನು ದೂರುವುದಿಲ್ಲ. ನಾಲ್ಕುನೂರೈವತ್ತು ರೂಪಾಯಿ ಎಲ್ಲರಿಗೂ ಸಣ್ಣ ಮೊತ್ತವಲ್ಲ, ಒಂದು ತಿಂಗಳಿಂದ ಕಾದ ಮಗುವಿನ ಮುಖ ಅದಕ್ಕಿಂತ ದೊಡ್ಡದು. ಎಲ್ಲವನ್ನೂ ಒಂದೇ ಮುಂಜಾನೆಗೆ ಕಟ್ಟಿಹಾಕಿ, ನಿಜ ಹೇಳಿದವರಿಗೆ ನಷ್ಟ ಎಂದು ಅಚ್ಚು ಹಾಕಿದರೆ, ಜನ ಜ್ವರಕ್ಕೆ ಮಾತ್ರೆ ಕೊಟ್ಟು ಕರೆತರುತ್ತಾರೆ. ಪ್ರವೇಶದ್ವಾರದಲ್ಲಿ ಹಣೆಗೆ ತೋರಿಸುವ ಥರ್ಮಾಮೀಟರ್ ಅದನ್ನು ಹಿಡಿಯಲಾರದು. ಮುಂದಿನ ವಾರ ಮಗನ ಬ್ಯಾಚಿನಲ್ಲಿ ಹಲವರು ಕಾಣಲಿಲ್ಲ. ಆ ಹುಡುಗನಿಂದಲೇ ಹಾಗಾಯಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೆ ಜ್ವರದಲ್ಲಿ ಜೀವ ಹಿಂಡಿ ಮೂರು ವಿಭಾಗ ಈಜುವುದು ಆ ಮಗುವಿನ ಮೈಗೇ ಒಳ್ಳೆಯದಲ್ಲ ಎಂಬುದಕ್ಕೆ ಬೇರೆ ಆಧಾರ ಬೇಕಿಲ್ಲ.

ಸಮಿತಿಯವರನ್ನು ಕಂಡು ಮಾತಾಡಿದೆ. ಅವರು ಸಿಡುಕಲಿಲ್ಲ, ಕುಳ್ಳಿರಿಸಿ ಕೇಳಿದರು. ಪ್ರತ್ಯೇಕ ಸಂಜೆ ಇಡಲು ಸಮಯಪಾಲಕರಿಗೆ, ಜೀವರಕ್ಷಕರಿಗೆ ಹೆಚ್ಚುವರಿ ಹಣ ಕೊಡಬೇಕು, ನಿಯಮವನ್ನು ನೆಪ ಮಾಡಿಕೊಂಡು ಕೆಲವರು ಊರಿಗೆ ಹೋಗಿ ಬಂದು ಸಮಯ ಪರೀಕ್ಷೆ ಕೇಳಿದ್ದೂ ಇದೆ ಎಂದರು. ಎರಡೂ ನಿಜವಿರಬಹುದು. ಒಂದಿಬ್ಬರು ನೆಪ ಹೇಳಿ ಪಡೆದ ಸಂಜೆಯಿಂದ ಯಾರಿಗೂ ಕೆಮ್ಮು ಹತ್ತುವುದಿಲ್ಲ, ಅದನ್ನು ಸಹಿಸಬಹುದು ಎಂದೆ. ಸಮಯಪಾಲಕರ ಖರ್ಚಿಗೆ ನಾವು ಪೋಷಕರೇ ಸ್ಟಾಪ್‌ವಾಚ್ ಹಿಡಿಯುತ್ತೇವೆ ಎಂದು ಬರೆದುಕೊಟ್ಟೆ. ಆ ಹಾಳೆಗೆ ಮರಾಠಿ ತಾಯಂದಿರೂ ಕನ್ನಡದವರೂ ಸಹಿ ಹಾಕಿದ್ದಾರೆ, ಸೊಲ್ಲಾಪುರದ ಅಜ್ಜನ ಸೊಸೆಯೂ ಹಾಕಿದ್ದಾರೆ. ಜುಲೈ ಸಭೆಯಲ್ಲಿ ತೀರ್ಮಾನಿಸುತ್ತೇವೆ ಎಂದಿದ್ದಾರೆ.

ಬೇರೆ ಕೊರತೆಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹುಡುಗಿಯರ ಬಟ್ಟೆ ಬದಲಿಸುವ ಕೋಣೆ ಇಕ್ಕಟ್ಟು, ಗಾಳಿಯಾಡುವ ಕಿಟಕಿ ಒಂದೇ. ನೆಲ ಜಾರುತ್ತದೆ, ರಬ್ಬರ್ ಚಾಪೆ ಹಾಸಬೇಕು. ಸ್ಪರ್ಧೆಯ ದಿನ ಕುಡಿಯುವ ನೀರಿನ ಡ್ರಮ್ ಹತ್ತು ಗಂಟೆಗೇ ಬರಿದಾಗಿತ್ತು. ತಿಂಡಿಗೆ ವಡಾಪಾವ್ ಬಿಟ್ಟರೆ ಬೇರೇನಿಲ್ಲ, ನೀರಿನಿಂದ ಎದ್ದ ಮಕ್ಕಳ ಹಸಿವಿಗೆ ಮನೆಯಿಂದಲೇ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು ಒಯ್ಯುವುದು ವಾಸಿ.

ಕಲಿಕೆಗೆ, ನೀರಿನ ನಿರ್ವಹಣೆಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಸ್ಪರ್ಧೆಗೆ 2022ರಲ್ಲಿ ಕೇಳಿದ್ದರೆ ಅಲ್ಲೂ ಐದು, ಈ ವರ್ಷದ ನಮೂನೆಗೆ ಎರಡೂವರೆ. ಈಗ ಸೇರಿಸುವವರು ಸಂಜೆಗಿಂತ ಬೆಳಗಿನ ಏಳರ ಬ್ಯಾಚ್ ಆರಿಸಿಕೊಳ್ಳಿ, ಬಿಸಿಲು ಕಡಿಮೆ, ಬೆಳಗಾವಿಯ ಶಿಕ್ಷಕಿ ಇರುವುದೂ ಆಗಲೇ. ಮಳೆಗಾಲದ ಬ್ಯಾಚಿಗೆ ಜೂನ್ ಎರಡನೇ ವಾರ ಹೆಸರು ಬರೆದುಕೊಳ್ಳುತ್ತಾರೆ. ಪೋಷಕರ ಹಾಳೆ ಕಚೇರಿಯ ಕಿಟಕಿಯಲ್ಲೇ ಇದೆ, ಒಪ್ಪಿಗೆಯಿದ್ದರೆ ನೀವೂ ಸಹಿ ಮಾಡಿ.